ಸ್ವರ ಬಿಚ್ಚಿ ಹೊಲಿಯುವ ಟೇಲರಕ್ಕ

ಬೆಳಗಿನ ಬಸ್ಸುಗಳು ಇನ್ನೂ ಡಿಪೊ ಬಿಟ್ಟಿಲ್ಲ. ರಸ್ತೆ ಗುಡಿಸುವವರ ಪೊರಕೆಯದು ಬಿಟ್ಟರೆ ಬೇರೆ ಸದ್ದಿಲ್ಲ. ಔಷಧಿ ಅಂಗಡಿ ಮತ್ತು ಬೀಗ ರಿಪೇರಿ ಅಂಗಡಿಯ ನಡುವೆ ಉಸಿರು ಬಿಗಿಹಿಡಿದು ನಿಂತಂತಿರುವ ಆಲ್ಟರೇಷನ್ ಅಂಗಡಿಯ ಷಟರ್ ಮಾತ್ರ ಅರ್ಧ ಮೇಲೆದ್ದಿದೆ. ಒಳಗೆ, ಹೊಲಿಗೆ ಯಂತ್ರದ ಪುಟ್ಟ ದೀಪದಡಿ ಟೇಲರಕ್ಕ ಕೂತಿದ್ದಾರೆ. ಕೊರಳಲ್ಲಿ ಅಳತೆ ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲು, ಮೂಗಿನ ತುದಿಗೆ ಜಾರಿದ ಕನ್ನಡಕ. ಆದರೆ ಎದುರಿಗಿರುವುದು ಬಟ್ಟೆಯಲ್ಲ, ಐದೈದು ಗೆರೆಗಳ ಮೇಲೆ ಕಪ್ಪು ಚುಕ್ಕೆಗಳಿರುವ ಸಂಗೀತದ ಹಾಳೆ. ಒಂದು ಚುಕ್ಕೆಯನ್ನು ರಬ್ಬರಿನಿಂದ ಉಜ್ಜುತ್ತಾರೆ, ಬಾಯಲ್ಲೇ ಏನೋ ಗುನುಗುತ್ತಾರೆ, ಊಹೂಂ ಎಂದು ತಲೆ ಅಲ್ಲಾಡಿಸುತ್ತಾರೆ, ಆಮೇಲೆ ಪಕ್ಕದಲ್ಲಿ ಸಣ್ಣದೊಂದು ಅಲ್ಪವಿರಾಮ ಹಾಕುತ್ತಾರೆ.

“ಇಲ್ಲಿ ಉಸಿರು ಸಾಲಲ್ಲ ಅವಳಿಗೆ,” ಎನ್ನುತ್ತಾರೆ ತಲೆ ಎತ್ತದೆ. “ಕೊಳಲು ನುಡಿಸೋ ಹುಡುಗಿಗೆ. ಈಗ ಆರು ತಿಂಗಳು. ಹೋದ ವಾರ ಅವಳ ಅಂಗಿಯ ಹೊಲಿಗೆ ಬಿಚ್ಚಿ ಅಗಲ ಮಾಡ್ಕೊಟ್ಟೆ. ಈ ವಾರ ಸ್ವರ.”

ಪತ್ರಿಕೆಗೆ ಬರೆಯುವ ನಾನು ಈ ಅಂಗಡಿಗೆ ಮೊದಲು ಬಂದದ್ದು ಸಂಗೀತಕ್ಕಲ್ಲ, ಹೊಟ್ಟೆಗೆ. ಅಂದರೆ ನನ್ನ ಹೊಟ್ಟೆ ಬೆಳೆದು ಪ್ಯಾಂಟು ಸೋತಿತ್ತು. ಟೇಲರಕ್ಕ ಸೊಂಟಕ್ಕೆ ಟೇಪು ಸುತ್ತಿ, ಒಮ್ಮೆ ನನ್ನ ಮುಖ ನೋಡಿ, ಮರ್ಯಾದೆಯಿಂದ ಏನೂ ಹೇಳದೆ ಬರೆದುಕೊಂಡರು. ಇಸ್ತ್ರಿ ಮೇಜಿನ ಮೇಲೆ ಮಡಚಿಟ್ಟ ಅಂಗಿಗಳ ಪಕ್ಕದಲ್ಲೇ ಸಂಗೀತದ ಹಾಳೆಗಳ ಕಟ್ಟು ಕಂಡಿತು. ಇದೇನು ಎಂದೆ. “ಅದೂ ಆಲ್ಟರೇಷನ್ನೇ,” ಎಂದರು. ಆ ಒಂದು ಮಾತಿನ ಬೆನ್ನು ಹತ್ತಿ ಹೋದವನು ಈಗಲೂ ಹೋಗುತ್ತಲೇ ಇದ್ದೇನೆ.

ನಮ್ಮೂರಿನ ಹವ್ಯಾಸಿ ವಾದ್ಯವೃಂದವನ್ನು ನೀವು ಕೇಳಿರಬಹುದು. ಪಿಟೀಲು, ಚೆಲ್ಲೊ, ಕೊಳಲು, ಕ್ಲಾರಿನೆಟ್, ತುತ್ತೂರಿ ಎಲ್ಲ ಸೇರಿ ನಲವತ್ತರ ಆಸುಪಾಸು ಜನ. ಹಲ್ಲಿನ ಡಾಕ್ಟರು, ಅಂಚೆಯಣ್ಣ, ಬ್ಯಾಂಕಿನವರು, ಬೇಕರಿಯವರು. ವಾರಕ್ಕೊಂದು ಸಂಜೆ ಪ್ರಾಥಮಿಕ ಶಾಲೆಯ ಹಾಲಿನಲ್ಲಿ, ಮಕ್ಕಳ ಕುರ್ಚಿಗಳ ಮೇಲೆ ಮಂಡಿ ಗಲ್ಲಕ್ಕೆ ತಾಗುವಂತೆ ಕೂತು ಅಭ್ಯಾಸ ಮಾಡುತ್ತಾರೆ. ಕೋಲು ಹಿಡಿದು ನಡೆಸುವವರು ಅದೇ ಶಾಲೆಯ ಗಣಿತದ ಮೇಷ್ಟ್ರು. ಕಛೇರಿ ಮುಗಿದ ಮೇಲೆ ಹೂಗುಚ್ಛ ಮೇಷ್ಟ್ರಿಗೆ, ಪತ್ರಿಕೆಯಲ್ಲಿ ಫೋಟೊ ಮುಂದಿನ ಸಾಲಿನ ಪಿಟೀಲಿನವರಿಗೆ. ಎರಡನೇ ಪಿಟೀಲುಗಳ ಕೊನೆಯ ಕುರ್ಚಿಯಲ್ಲಿ, ಕಂಬದ ಹಿಂದೆ ಕೂರುವ ಟೇಲರಕ್ಕನ ಮೊಣಕೈ ಒಂದೇ ಒಂದು ಫೋಟೊದಲ್ಲಿ ಬಂದಿದೆಯಂತೆ.

ಆದರೆ ಈ ನಲವತ್ತು ಜನ ಒಟ್ಟಿಗೆ ನುಡಿಸಲು ಆಗುತ್ತಿರುವುದೇ ಆ ಮೊಣಕೈಯಿಂದ. ಅಚ್ಚಾದ ಹಾಳೆಗಳಲ್ಲಿರುವುದು ಅದನ್ನೇ ವೃತ್ತಿ ಮಾಡಿಕೊಂಡವರಿಗಾಗಿ ಬರೆದ ಸಂಗೀತ. ಅದನ್ನು ಬರೆದವರು ನಮ್ಮ ಬೇಕರಿಯವರ ದಪ್ಪ ಬೆರಳನ್ನಾಗಲಿ, ಹಲ್ಲಿನ ಡಾಕ್ಟರ ಕುತ್ತಿಗೆ ನೋವನ್ನಾಗಲಿ ಕಂಡವರಲ್ಲ. ಹೊಸಬರು ಯಾರೇ ಸೇರಲಿ, ಟೇಲರಕ್ಕ ಅವರೆದುರು ಕುರ್ಚಿ ಎಳೆದುಕೊಂಡು ಕೂರುತ್ತಾರೆ. “ನಿಮಗಿಷ್ಟ ಬಂದದ್ದು ನುಡ್ಸಿ” ಎನ್ನುತ್ತಾರೆ. ಕಿವಿಯ ಜೊತೆ ಕಣ್ಣೂ ತೆರೆದಿರುತ್ತದೆ. ಭುಜ ಎಲ್ಲಿ ಬಿಗಿಯುತ್ತದೆ, ಉಸಿರು ಎಲ್ಲಿ ಮುಗಿಯುತ್ತದೆ, ಯಾವ ಬೆರಳು ಹೆದರುತ್ತದೆ ಎಂದು ನೋಡುತ್ತಾರೆ. ವೃಂದದವರು ಇದನ್ನು ‘ಅಳತೆ ಕೊಡೋದು’ ಎನ್ನುತ್ತಾರೆ. ಅಳತೆ ಕೊಡದೆ ಇಲ್ಲಿ ಯಾರಿಗೂ ಹಾಳೆ ಸಿಗುವುದಿಲ್ಲ.

“ಬಟ್ಟೆಗೆ ಸರಿಹೋಗೋ ಮೈ ಹುಡುಕ್ತಾ ಕೂತ್ರೆ ಅಂಗಡಿ ಮುಚ್ಚಬೇಕಾಗುತ್ತೆ. ಮೈಗೆ ಸರಿಯಾಗಿ ಬಟ್ಟೆ ಬಿಚ್ಚಿ ಹೊಲೀಬೇಕು. ಇವರಿಗೆ ಎಟುಕದ್ದನ್ನ ಅವರಿಗೆ ಕೊಡು, ಅವರಿಗೆ ಹೆಚ್ಚಾದದ್ದನ್ನ ಇವರಿಗೆ ಕೊಡು. ಕೇಳೋರಿಗೆ ಹೊಲಿಗೆ ಕಾಣಬಾರದು, ಅಷ್ಟೆ.”

ಎಡವಟ್ಟು ಆಗಿಲ್ಲವೆಂದಲ್ಲ. ತುತ್ತೂರಿಯ ಅಂಚೆಯಣ್ಣ ಎಲ್ಲರಿಗಿಂತ ಮೊದಲೇ ನುಗ್ಗುವ ಆಸಾಮಿ. ಅವರ ಹಾಳೆಯಲ್ಲಿ ಅಲ್ಲಲ್ಲಿ ‘ಈಗಲ್ಲ ಅಣ್ಣ’ ಎಂದು ಬರೆದಿರುತ್ತದೆ. ಒಮ್ಮೆ ಅವಸರದಲ್ಲಿ ಟೇಲರಕ್ಕ ಗಿರಾಕಿಯೊಬ್ಬರ ಸೊಂಟದ ಅಳತೆಯನ್ನು ಅದೇ ಹಾಳೆಯ ಅಂಚಿನಲ್ಲಿ ಗೀಚಿಕೊಂಡರು. ಕಛೇರಿಯ ದಿನ ಅಂಚೆಯಣ್ಣ ಅದನ್ನು ತಾನು ಸುಮ್ಮನಿರಬೇಕಾದ ಲೆಕ್ಕವೆಂದುಕೊಂಡು, ಮೂವತ್ತಾರು ಆವರ್ತ ಎಣಿಸುತ್ತ ಕೂತುಬಿಟ್ಟರು. ಉಳಿದವರು ಮುಗಿಸಿ, ಚಪ್ಪಾಳೆ ಬಿದ್ದಾಗಲೂ ಅವರ ಬೆರಳು ಮಡಚುತ್ತಲೇ ಇತ್ತು. “ಆವತ್ತಷ್ಟು ಚೆನ್ನಾಗಿ ಯಾವತ್ತೂ ನುಡಿಸಿರಲಿಲ್ಲ ನಾವು,” ಎಂದು ಮೇಷ್ಟ್ರು ಈಗಲೂ ಅಂಚೆಯಣ್ಣನ ಕಾಲೆಳೆಯುತ್ತಾರೆ.

ಟೇಲರಕ್ಕ ಶಾಲೆಯಲ್ಲಿದ್ದಾಗ ನಾಲ್ಕು ವರ್ಷ ಪಿಟೀಲು ಕಲಿತವರು. ಮದುವೆಯಾಯಿತು, ಪಿಟೀಲು ಅಟ್ಟ ಸೇರಿತು. ಅತ್ತೆ ಹೊಲಿಗೆ ಕಲಿಸಿದರು. ಗಂಡ ತೀರಿಕೊಂಡಾಗ ಮಗಳಿಗೆ ಇನ್ನೂ ಹಾಲುಹಲ್ಲು. ಹಗಲೆಲ್ಲ ಯಂತ್ರ ತುಳಿದು, ಸಂಜೆ ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಗುಂಡಿ ಹಾಕಿ, ಯಾರೊಂದಿಗೂ ಮಾತಿಲ್ಲದೆ ವರ್ಷಗಳು ಕಳೆದವು. ಆಗ ಬಂದವರು ಅವರ ಒಡಹುಟ್ಟಿದ ಅಕ್ಕನ ಗಂಡ, ಸಿಟಿ ಬಸ್ಸಿನ ಡ್ರೈವರು. ಡ್ಯೂಟಿ ಮುಗಿಸಿ ಖಾಕಿ ಅಂಗಿಯಲ್ಲೇ ಚೆಲ್ಲೊ, ಅಂದರೆ ಮಂಡಿಗಳ ನಡುವೆ ನಿಲ್ಲಿಸಿ ನುಡಿಸುವ ಆ ದೊಡ್ಡ ಪಿಟೀಲು, ಹೊತ್ತುಕೊಂಡು ವೃಂದಕ್ಕೆ ಹೋಗುತ್ತಿದ್ದವರು. ಒಂದು ಸಂಜೆ ನಾದಿನಿಯ ಅಂಗಡಿ ಮುಂದೆ ನಿಂತು, “ಏ ಕತ್ತರಿ, ಅಟ್ಟದಿಂದ ಪಿಟೀಲು ಇಳಿಸು. ಅಲ್ಲೊಂದು ಕುರ್ಚಿ ಖಾಲಿ ಇದೆ,” ಎಂದರು.

“ಬರಲ್ಲ ಭಾವ, ಬೆರಳೆಲ್ಲ ಮರೆತಿದೆ ಅಂದೆ. ‘ಬೆರಳು ಮರೆತ್ರೆ ಪರವಾಗಿಲ್ಲ, ನೀನು ನಗೋದನ್ನೇ ಮರೀತಿದೀಯ’ ಅಂದ್ರು. ಆ ಕುರ್ಚಿ ಸಿಗದೆ ಹೋಗಿದ್ರೆ ನಾನು ಇವತ್ತು ಹೇಗಿರ್ತಿದ್ನೋ ಗೊತ್ತಿಲ್ಲ.” ಇಷ್ಟು ಹೇಳಿ ಟೇಲರಕ್ಕ ಸೂಜಿಗೆ ದಾರ ಪೋಣಿಸಲು ತೊಡಗುತ್ತಾರೆ. ದಾರ ಮೂರು ಸಲ ತಪ್ಪುತ್ತದೆ.

ಈ ವರ್ಷ ಖಾಲಿಯಾದದ್ದು ಭಾವನ ಕುರ್ಚಿ. ಮಳೆಗಾಲ ಶುರುವಾಗುವ ಹೊತ್ತಿಗೆ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಕಾಲು ಸುಧಾರಿಸಿತು, ಬಲಗೈ ಗಟ್ಟಿಯಾಗಿದೆ. ಆದರೆ ತಂತಿ ಒತ್ತಬೇಕಾದ ಎಡಗೈಯಲ್ಲಿ ತೋರುಬೆರಳೊಂದು ಒಲ್ಲದ ಮನಸ್ಸಿನಿಂದ ಅಲ್ಲಾಡುತ್ತದೆ, ಉಳಿದವು ಮಾತು ಕೇಳುವುದಿಲ್ಲ. ಇಷ್ಟು ವರ್ಷ ಊರನ್ನೇ ಹೊತ್ತು ತಿರುಗಿದ ಮನುಷ್ಯ ಕಿಟಕಿ ಬಳಿ ಕೂತು ಬೇರೆಯವರ ಬಸ್ಸು ನೋಡತೊಡಗಿದರು. “ಮಾತು ಬರುತ್ತೆ ಇವರಿಗೆ. ಆದ್ರೆ ಆಡ್ತಿಲ್ಲ,” ಎಂದು ಅಕ್ಕ ತಂಗಿಯ ಅಂಗಡಿಗೆ ಬಂದು ಅತ್ತರು.

ವರ್ಷದ ದೊಡ್ಡ ಕಛೇರಿಗೆ ಒಂದೂವರೆ ತಿಂಗಳಿತ್ತು. ಟೇಲರಕ್ಕ ಭಾವನಿಗೆಂದೇ ಹೊಸ ಹಾಳೆ ಸಿದ್ಧಪಡಿಸಿದರು. ಎಡಗೈ ತಾಗಿಸದೆ, ಬರೀ ಕಮಾನು ಎಳೆದರೆ ಸಾಕು, ತಂತಿ ತಾನಾಗಿ ನುಡಿಯುವ ಸ್ವರಗಳು ಮಾತ್ರ. ಉಳಿದ ಚೆಲ್ಲೊಗಳೂ ಅವನ್ನೇ ನುಡಿಸುತ್ತವೆ, ಭಾವ ಅವರೊಳಗೆ ಸೇರಿಕೊಂಡರಾಯಿತು. ಭಾವ ಹಾಳೆಯ ಮೇಲೆ ಕಣ್ಣಾಡಿಸಿ ವಾಪಸ್ಸು ಚಾಚಿದರು.

“ನಾನು ನುಡಿಸಿದ್ರೂ ಒಂದೇ, ಬಿಟ್ರೂ ಒಂದೇ. ಇದು ಅಂದಕ್ಕೆ ಹಚ್ಚಿದ ಗುಂಡಿ ಕಣೇ ಕತ್ತರಿ. ಯಾವ ಕಾಜಾಕ್ಕೂ ಸೇರೋದಲ್ಲ. ನನ್ನನ್ನ ಕೂರ್ಸಿ ಎಲ್ಲರೂ ಅಯ್ಯೋ ಪಾಪ ಅನ್ನೋದು ಬೇಡ.”

ಟೇಲರಕ್ಕನಿಗೆ ನಾಟಿತು. “ಅವರು ಹೇಳಿದ್ದು ಸರಿ. ನಾನು ಅವರಿಗೆ ಅಂತ ಹೊಲಿದಿರಲಿಲ್ಲ, ಅವರ ಕಾಯಿಲೆಗೆ ಹೊಲಿದಿದ್ದೆ.” ಎಲ್ಲವನ್ನೂ ಬಿಚ್ಚಿದರು. ನಿಧಾನಗತಿಯ ನಡುವಿನ ಭಾಗದಲ್ಲಿ, ಎಲ್ಲ ವಾದ್ಯಗಳ ಅಡಿಯಲ್ಲಿ ಉದ್ದಕ್ಕೂ ಹಿಡಿದು ನಿಲ್ಲುವ ಒಂದು ತಗ್ಗಿನ ಸ್ವರವಿದೆ. ಮೇಲಿನವರೆಲ್ಲ ನಿಂತಿರುವುದೇ ಅದರ ಮೇಲೆ. ಚೆಲ್ಲೊದ ದಪ್ಪ ತಂತಿಯ ಮೇಲೆ ಸುಮ್ಮನೆ ಕಮಾನು ಎಳೆದರೆ ಅದು ಬರುತ್ತದೆ. ಟೇಲರಕ್ಕ ಅದನ್ನು ಭಾವನ ಹಾಳೆಯಲ್ಲಿ ಬರೆದು, ಉಳಿದವರೆಲ್ಲರ ಹಾಳೆಯಿಂದ ಅಳಿಸಿಹಾಕಿದರು. ಆ ಚೆಲ್ಲೊಗಳಿಗೆ ಮೇಲಿನ ಬೇರೆ ಕೆಲಸ ಕೊಟ್ಟರು. ಭಾವ ಬಂದರೆ ಸಂಗೀತಕ್ಕೆ ತಳವಿದೆ, ಬಾರದಿದ್ದರೆ ಇಲ್ಲ.

ಹಾಳೆಯ ಕೊನೆಯ ಸಾಲಿನಲ್ಲಿ ಇನ್ನೊಂದು ಸ್ವರವಿತ್ತು. ಕಂಡೂ ಕಾಣದಷ್ಟು ತೆಳುವಾಗಿ ಪೆನ್ಸಿಲಿನಲ್ಲಿ ಬರೆದದ್ದು. ಅದಕ್ಕೆ ತೋರುಬೆರಳು ಒತ್ತಲೇಬೇಕು. ಇದೇಕೆ ಎಂದು ನಾನು ಕೇಳಿದೆ. ಅವರು ನನ್ನದೇ ಪ್ಯಾಂಟನ್ನು ಎತ್ತಿ ಒಳಮಗ್ಗಲು ತೋರಿಸಿದರು. “ನೋಡಿ, ಒಳಗೆ ಇಷ್ಟು ಬಟ್ಟೆ ಬಿಟ್ಟಿದಾರಲ್ಲ, ಅದಕ್ಕೇ ನಿಮ್ಮ ಮಾನ ಉಳೀತು. ಮನುಷ್ಯ ಇವತ್ತು ಇದ್ದ ಹಾಗೇ ನಾಳೆ ಇರಲ್ಲ. ನಾನು ಎಲ್ಲರ ಹಾಳೇಲೂ ಒಳಗೆ ಸ್ವಲ್ಪ ಬಟ್ಟೆ ಬಿಟ್ಟಿರ್ತೀನಿ. ಬೇಕಾದ್ರೆ ಬಿಚ್ಚಿಕೊಳ್ಳಲಿ.”

ಅಭ್ಯಾಸದ ಸಂಜೆ ನಾನೂ ಶಾಲೆಯ ಹಾಲಿನಲ್ಲಿದ್ದೆ. ನಡುವಿನ ಭಾಗ ಬಂತು. ಸಂಗೀತ ಗೊತ್ತಿಲ್ಲದ ನನಗೂ ಮೆಟ್ಟಿಲು ತಪ್ಪಿದಂತಾಯಿತು. ಮೇಷ್ಟ್ರು ಕೋಲು ಕೆಳಗಿಳಿಸಿದರು. “ಇಲ್ಲೇನೋ ಬಿದ್ದುಹೋಗಿದೆ.”

“ಬಿದ್ದಿಲ್ಲ ಮೇಷ್ಟ್ರೆ, ಬಿಟ್ಟಿದೀನಿ,” ಎಂದು ಕಂಬದ ಹಿಂದಿನಿಂದ ದನಿ ಬಂತು. ವಿಷಯ ಹೇಳಿದರು. ಮೇಷ್ಟ್ರಿಗೂ ಭಾವ ಅಂದರೆ ಪ್ರಾಣ, ಆದರೆ ಟಿಕೆಟ್ಟು ಕೊಂಡು ಬರುವ ಊರು ಅವರ ತಲೆಯ ಮೇಲಿದೆ. “ಅವರು ಬರದಿದ್ರೆ? ಯಾರಿಗಾದ್ರೂ ಒಬ್ಬರಿಗೆ ಬರೆದಿಡಿ ಅಕ್ಕ, ಅವರಿಗೆ ತಿಳಿಸೋದು ಬೇಡ.”

“ಬರೆದಿಟ್ರೆ ಅದು ಮತ್ತೆ ಅಂದದ ಗುಂಡಿಯೇ ಆಗುತ್ತೆ. ಅವರಿಗೆ ಸುಳ್ಳು ಹೇಳಿದ ಹಾಗೂ ಆಗುತ್ತೆ. ನಾನು ಬರೆಯಲ್ಲ.”

ಮೇಷ್ಟ್ರು ಬಹಳ ಹೊತ್ತು ಹಣೆ ಉಜ್ಜಿಕೊಂಡರು. ಕೊನೆಗೆ ಕೋಲೆತ್ತಿದರು. ಟೇಲರಕ್ಕ ಫೋನು ತೆಗೆದು ಅಕ್ಕನಿಗೆ ಕರೆ ಮಾಡಿ, “ಭಾವನ ಕಿವಿ ಹತ್ರ ಹಿಡಿ,” ಎಂದು, ಅದನ್ನು ಆ ಖಾಲಿ ಕುರ್ಚಿಯ ಮೇಲಿಟ್ಟರು. ವೃಂದ ನಡುವಿನ ಭಾಗವನ್ನು ಮತ್ತೆ ನುಡಿಸಿತು, ತಳವಿಲ್ಲದೆ. ಅರ್ಧಕ್ಕೇ ಫೋನು ಗುಡುಗಿತು. “ತಳ ಎಲ್ಲೋಯ್ತು? ಏನ್ರಯ್ಯ ಅದು, ಚಕ್ರ ಇಲ್ದೆ ಬಸ್ಸು ಬಿಡ್ತಿದೀರಾ?”

“ತಳ ನಿಮ್ಮ ಮನೇಲಿದೆ ಭಾವ. ಮೇಜಿನ ಮೇಲೆ ಹಾಳೆ ಇಟ್ಟು ಬಂದಿದೀನಿ. ಬೇರೆ ಯಾರ ಹತ್ರಾನೂ ಇಲ್ಲ,” ಎಂದರು ಟೇಲರಕ್ಕ. ಆ ಕಡೆಯಿಂದ ಫೋನು ಇಟ್ಟ ಸದ್ದು ಕೇಳಿಸಿತು.

ಆಮೇಲಿನ ಎರಡು ಅಭ್ಯಾಸಗಳಿಗೂ ಭಾವ ಬರಲಿಲ್ಲ. ಟೇಲರಕ್ಕ ಸೊರಗಿದರು. ಮೊದಲ ಬಾರಿಗೆ ಗಿರಾಕಿಯೊಬ್ಬರ ಪ್ಯಾಂಟಿನ ಒಂದು ಕಾಲು ಮಾತ್ರ ಗಿಡ್ಡ ಮಾಡಿದರು.

ದೊಡ್ಡ ಕಛೇರಿಯ ಭಾನುವಾರ ಸಂಜೆ ಪುರಭವನ ತುಂಬಿದೆ. ವೇದಿಕೆಯ ಮೇಲೆ ಎಲ್ಲರೂ ಕೂತು ಶ್ರುತಿ ಮಾಡಿಕೊಳ್ಳುತ್ತಿದ್ದಾರೆ, ಎರಡು ಕುರ್ಚಿ ಬಿಟ್ಟು, ಭಾವನದೂ ಅಂಚೆಯಣ್ಣನದೂ. ಮೇಷ್ಟ್ರು ಗಡಿಯಾರ ನೋಡುತ್ತಾರೆ, ಟೇಲರಕ್ಕ ನೆಲ ನೋಡುತ್ತಾರೆ. ಆಗ ಪಕ್ಕದ ಬಾಗಿಲು ತೆರೆಯುತ್ತದೆ. ಮುಂದೆ ಚೆಲ್ಲೊ ಹೊತ್ತ ಅಂಚೆಯಣ್ಣ, ಹಿಂದೆ ಅಕ್ಕನ ಹೆಗಲು ಹಿಡಿದ ಭಾವ. ಖಾಕಿಯಲ್ಲ, ಕಪ್ಪು ಕೋಟು. ಯಾರ ಮುಖವನ್ನೂ ನೋಡದೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂರುತ್ತಾರೆ, ಸದಾ ಅಲ್ಲೇ ಇದ್ದವರಂತೆ.

ನಡುವಿನ ಭಾಗ ಬರುತ್ತದೆ. ಮೇಷ್ಟ್ರು ಭಾವನ ಕಡೆ ತಿರುಗುತ್ತಾರೆ. ಬಲಗೈ ನಿಧಾನವಾಗಿ ಕಮಾನು ಎಳೆಯುತ್ತದೆ, ತಗ್ಗಿನ ಆ ಸ್ವರ ಏಳುತ್ತದೆ. ನನ್ನ ಕುರ್ಚಿಯ ಹಿಡಿಕೆಯಲ್ಲೂ ಅದರ ಕಂಪನ. ಅದರ ಮೇಲೆ ಪಿಟೀಲುಗಳು ನಿಶ್ಚಿಂತೆಯಿಂದ ನಿಲ್ಲುತ್ತವೆ. ಬಸುರಿ ಹುಡುಗಿಯ ಕೊಳಲು ಅಲ್ಪವಿರಾಮದಲ್ಲಿ ಉಸಿರೆಳೆದುಕೊಂಡು ಮುಂದೆ ಹೋಗುತ್ತದೆ. ಅಂಚೆಯಣ್ಣ ಕೂಡ ಕಾಯುತ್ತಾರೆ. ನನ್ನ ಕಣ್ಣು ತುಂಬಿತು, ಮುಚ್ಚಿಡುವುದೇನಿದೆ.

ಕೊನೆಯ ಸಾಲಿನ ಹೊತ್ತಿಗೆ ಭಾವನ ಎಡಗೈ ಮಂಡಿಯಿಂದ ಏಳುತ್ತದೆ. ಹುಡುಕಿ ಹುಡುಕಿ ತಂತಿ ಮುಟ್ಟುತ್ತದೆ. ತಗ್ಗಿನ ಸ್ವರ ಒಂದು ಮೆಟ್ಟಿಲು ಮೇಲೇರುತ್ತದೆ, ತುಸು ನಡುಗುತ್ತದೆ, ನಿಲ್ಲುತ್ತದೆ. ಜನಕ್ಕೆ ಅದು ಸಂಗೀತದ ಒಂದು ತಿರುವು ಮಾತ್ರ. ವೇದಿಕೆಯ ಕಂಬದ ಹಿಂದೆ ಮಾತ್ರ ಒಂದು ಕಮಾನು ಗಾಳಿಯಲ್ಲೇ ನಿಂತಿದೆ.

ಚಪ್ಪಾಳೆ ಬೀಳುತ್ತದೆ. ಹೂಗುಚ್ಛ ಎಂದಿನಂತೆ ಮೇಷ್ಟ್ರಿಗೆ ಹೋಗುತ್ತದೆ. ವೇದಿಕೆಯ ಹಿಂದೆ ಭಾವ ಬೆವರು ಒರೆಸಿಕೊಳ್ಳುತ್ತಿದ್ದಾರೆ. ಟೇಲರಕ್ಕ ಹತ್ತಿರ ಹೋಗಿ ನಿಲ್ಲುತ್ತಾರೆ.

“ಏ ಕತ್ತರಿ. ಕೊನೇ ಸ್ವರ ಸ್ವಲ್ಪ ಕೆಳಗೆ ಬಿತ್ತು.”

“ಗೊತ್ತಾಯ್ತು ಭಾವ.”

“ಯಾರಿಗಾದ್ರೂ ಕೇಳಿಸ್ತಾ?”

“ಹೊಲಿದೋಳಿಗೆ ಮಾತ್ರ.”

ನಾನು ನನ್ನ ಕಸುಬಿನ ಪ್ರಶ್ನೆ ಕೇಳುತ್ತೇನೆ. ಅಕ್ಕ, ನಿಮಗೇನಾದರೂ ಆಸೆ ಉಂಟೇ? ಟೇಲರಕ್ಕನಿಗೆ ಅದು ಕೇಳಿಸಿತೋ ಇಲ್ಲವೋ. ಭಾವನ ಹಾಳೆಯನ್ನು ಚೆಲ್ಲೊ ಪೆಟ್ಟಿಗೆಯ ಮೇಲೆ ಹರಡುತ್ತಾರೆ. ಕಿವಿಯ ಪೆನ್ಸಿಲು ಮುಟ್ಟುವುದಿಲ್ಲ. ನನ್ನ ಜೇಬಿನಿಂದ ಪೆನ್ನು ಎಳೆದುಕೊಂಡು, ತೋರುಬೆರಳಿನ ಆ ತೆಳು ಚುಕ್ಕೆಯ ಮೇಲೆ ಒತ್ತಿ, ಶಾಯಿಯಲ್ಲಿ ತಿದ್ದುತ್ತಾರೆ.