ಸಾಲದೇ ಹೋದ ಬಟ್ಟೆಯ ಕೌದಿ

ಹಾಲಿನಪುಡಿಯ ಡಬ್ಬಿ ಖಾಲಿಯಾದ ದಿನವೇ ಅದನ್ನು ಎಸೆದು ನಿಶ್ಚಿಂತರಾಗುವವರು ಒಂದು ಪಂಗಡ. ಅದನ್ನು ತೊಳೆದು, ಬಿಸಿಲಿಗಿಟ್ಟು, 'ಯಾವುದಕ್ಕಾದರೂ ಆದೀತು' ಎಂದು ಅಟ್ಟಕ್ಕೇರಿಸುವವರು ಇನ್ನೊಂದು ಪಂಗಡ. ನಾನು ಹುಟ್ಟಿನಿಂದಲೇ ಎರಡನೆಯದಕ್ಕೆ ಸೇರಿದವಳು. ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ಮೋಕ್ಷವಿಲ್ಲ, ಪುನರ್ಜನ್ಮ ಮಾತ್ರ ಉಂಟು. ಸುಟ್ಟುಹೋದ ಬಲ್ಬು ಹೂದಾನಿಯಾಗಿ, ಒಡೆದ ಬಳೆ ಬಾಗಿಲ ತೋರಣವಾಗಿ, ಲಗ್ನಪತ್ರಿಕೆ ಹಕ್ಕಿಯಾಗಿ ಮತ್ತೆ ಅವತರಿಸಲೇಬೇಕು. ಇವೆಲ್ಲ ಅಗ್ಗದಲ್ಲಿ, ಮನೆಯಲ್ಲೇ, ಯಾರು ಬೇಕಾದರೂ ಮಾಡಬಹುದಾದ ಕೈಕೆಲಸಗಳು. ಅವುಗಳಿಂದ ಯಾರಿಗೂ ಕೆಡುಕಿಲ್ಲ ಎಂದೇ ನಾನೂ ಬಹುಕಾಲ ನಂಬಿದ್ದೆ.

ಸೇಡಂನಲ್ಲಿ ಹುಟ್ಟಿ ಬೆಳೆದ ನಾನು ಮದುವೆಯಾಗಿ ವಾಡಿಗೆ ಬಂದಾಗ ತವರಿನವರು ಕೊಟ್ಟ ಹೊಲಿಗೆ ಯಂತ್ರವೂ ನನ್ನೊಡನೆ ಬಂತು. ಯಜಮಾನರು ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ನಮ್ಮದು ಕ್ವಾರ್ಟರ್ಸಿನ ಸಾಲಿನಲ್ಲಿ ಕೊನೆಯ ಮನೆ. ಸಿಮೆಂಟ್ ಕಾರ್ಖಾನೆಯ ಧೂಳು ಹಗಲಿರುಳೆನ್ನದೆ ಬಂದು ಕೂರುತ್ತಿದ್ದ ಆ ಊರಿನಲ್ಲಿ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಬೂದಿಬಣ್ಣ ತಾಳುತ್ತಿತ್ತು. ನಡುವೆ ನಾಲ್ಕು ಹನಿ ಮಳೆ ಬಿದ್ದರಂತೂ ಇಸ್ತ್ರಿಯ ಗೊಡವೆಯಿಲ್ಲದೆ ಗರಿಮುರಿಯಾಗುತ್ತಿತ್ತು. ಇಂಥ ಊರಿನಲ್ಲಿ ಹೊಸ ಹೆಂಡತಿ ಹೊತ್ತು ಕಳೆಯುವುದಾದರೂ ಹೇಗೆ? ಮೊದಲು ಸಿಮೆಂಟಿನ ಗೋಣಿಚೀಲಗಳನ್ನು ನಾಲ್ಕು ನೀರಿನಲ್ಲಿ ಒಗೆದು ಕಾಲೊರಸು ಮಾಡಿದೆ. ಆಮೇಲೆ ಅಕ್ಕಪಕ್ಕದವರ ರವಿಕೆ ಹೊಲಿಯತೊಡಗಿದೆ. ಆರು ತಿಂಗಳಲ್ಲಿ ಇಡೀ ಸಾಲಿನ ರವಿಕೆಗಳೆಲ್ಲ ನನ್ನ ಕೈಯಿಂದಲೇ ಇಳಿಯುವಂತಾಯಿತು.

ಓದುಗರೇ, ಇಲ್ಲಿಂದ ಮುಂದಿನದನ್ನು ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ. ಕನ್ನಡದಲ್ಲಿ ಉಳಿದದ್ದು, ಉಳಿಸಿದ್ದು, ಉಳಿಸಿಕೊಂಡದ್ದು ಎಂಬ ಮೂರು ಮಾತುಗಳಿವೆ. ವ್ಯಾಕರಣದಲ್ಲಿ ಇವು ಒಂದೇ ಧಾತುವಿನ ಮಕ್ಕಳಾದರೂ ನೀತಿಶಾಸ್ತ್ರದಲ್ಲಿ ದಾಯಾದಿಗಳು. ರವಿಕೆ ಕತ್ತರಿಸಿದ ಮೇಲೆ ಉಳಿಯುವ ಗೇಣು ಬಟ್ಟೆಯನ್ನು ನಾನು ಮೊದಮೊದಲು ಮಡಚಿ ಹಿಂದಿರುಗಿಸುತ್ತಿದ್ದೆ. ಒಂದು ದಿನ ಕೇಸರಿ ಅಂಚಿನ ನೇರಳೆ ಚೂರೊಂದು ಕೈಗೆ ಬಂತು. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಅಂದಿನಿಂದ ಉಳಿದದ್ದು ಉಳಿಸಿದ್ದಾಯಿತು, ಉಳಿಸಿದ್ದು ಉಳಿಸಿಕೊಂಡದ್ದಾಯಿತು. ಆ ಕಾಲಕ್ಕೆ ರವಿಕೆಗೆ ಉಬ್ಬಿದ ತೋಳಿನ ಹುಚ್ಚು ಬಂದಿತ್ತು, ನಮ್ಮ ಕಡೆ ಅದನ್ನು ಪುಗ್ಗಾ ತೋಳು ಎನ್ನುತ್ತಿದ್ದರು. ಪುಗ್ಗಾ ತೋಳು ಬಟ್ಟೆಯನ್ನು ಬಕಾಸುರನಂತೆ ತಿನ್ನುವುದರಿಂದ ನನ್ನ ಸಂಗ್ರಹಕ್ಕೆ ಅದೇ ಪರಮ ಶತ್ರು. ಯಾರು ಕೇಳಿದರೂ ಅಳತೆಪಟ್ಟಿಯನ್ನು ಎರಡು ಬಾರಿ ಎಳೆದು, ತುಟಿ ಕಚ್ಚಿ, "ಪುಗ್ಗಾಕ್ಕ ಬಟ್ಟಿ ಸಾಲಂಗಿಲ್ರಿ" ಎನ್ನುತ್ತಿದ್ದೆ. ಹೀಗೆ ನನ್ನ ಕಲಾಭಿರುಚಿಯ ದೆಸೆಯಿಂದ ವಾಡಿಯ ಆ ಒಂದು ಸಾಲಿನ ಹೆಂಗಸರೆಲ್ಲ ಫ್ಯಾಶನ್ನಿಗೆ ಎರಡು ವರ್ಷ ಹಿಂದೆ ಬಿದ್ದರು.

ಚೂರುಗಳು ಒಂದು ಟ್ರಂಕು ತುಂಬಿದಾಗ ಕೌದಿ ಹೊಲಿಯಲು ಕುಳಿತೆ. ಕ್ವಾರ್ಟರ್ಸಿನ ಆಚೆಗಿದ್ದ ಪಕ್ಕದ ಮನೆಯ ಖೈರುನ್ನೀಸಾ ಜೊತೆಯಾದರು. ಅವರ ಯಜಮಾನರು ಕಾರ್ಖಾನೆಯಲ್ಲಿ ಫಿಟ್ಟರು, ಅವರದು ಶಹಾಬಾದಿನ ಹಳೆಯ ಮನೆತನ, ಬೆರಳಲ್ಲಿ ಅಂಥ ನಾಜೂಕು ನಾನು ಬೇರೆಲ್ಲೂ ಕಂಡಿಲ್ಲ. ಹಳೆಯ ಸೀರೆಗಳನ್ನು ಪದರವಾಗಿ ಹಾಸಿ, ಮೇಲೆ ಚೌಕ ಚೂರುಗಳನ್ನು ಜೋಡಿಸಿ, ಇಬ್ಬರೂ ಎರಡು ತುದಿಯಿಂದ ಎಳೆಹೊಲಿಗೆ ಹಾಕುತ್ತ ಮಧ್ಯದಲ್ಲಿ ಸಂಧಿಸುತ್ತಿದ್ದೆವು. ಚೂರುಗಳು ಎಲ್ಲಿಂದ ಬಂದವೆಂದು ಅವರು ಕೇಳಲಿಲ್ಲ. ಕೇಳಲಿಲ್ಲವಾದ್ದರಿಂದ ನಾನೂ ಹೇಳಲಿಲ್ಲ. ನಟ್ಟನಡುವೆ ಒಂದು ಗಿಳಿಹಸಿರು ಚೌಕವಿರಲಿ ಎಂದು ಅವರೇ ಆರಿಸಿ ಹೊಲಿದರು.

ಮಾಗಿಯ ದಿನಗಳಲ್ಲಿ ನಮ್ಮ ಮಹಿಳಾ ಮಂಡಳದವರು 'ಕಸದಿಂದ ಕಲೆ' ಎಂಬ ಪ್ರದರ್ಶನ ಏರ್ಪಡಿಸಿದರು. ತೀರ್ಪುಗಾರರಾಗಿ ಚಿತ್ತಾಪುರದಿಂದ ಒಬ್ಬ ನಿವೃತ್ತ ಕಸೂತಿ ಶಿಕ್ಷಕಿ ಬಂದಿದ್ದರು. ಇಂಜೆಕ್ಷನ್ ಬಾಟಲಿಯ ಹಂಸ, ಬೆಂಕಿಕಡ್ಡಿಯ ಮನೆ, ಮೊಟ್ಟೆಯೋಡಿನ ಬೊಂಬೆಗಳ ನಡುವೆ ಗೋಡೆಯುದ್ದ ತೂಗಿಬಿಟ್ಟ ನಮ್ಮ ಕೌದಿ ಮಹಾರಾಣಿಯಂತಿತ್ತು. ಕಳ್ಳಮಾಲನ್ನು ಗೋಡೆಗೆ ತೂಗಿ ಹತ್ತು ಮಂದಿಯನ್ನು ಕರೆದು ತೋರಿಸುವ ಕಳ್ಳ ಲೋಕದಲ್ಲಿ ಇನ್ನೊಬ್ಬನಿರಲಾರ; ಆದರೆ ಕಲಾವಿದರ ಅಹಂಕಾರದ ಮುಂದೆ ಕಳ್ಳರ ಎಚ್ಚರ ಎಷ್ಟರದು? ಮೊದಲ ಬಹುಮಾನ ನನಗೇ ಬಂತು. ಶಿಕ್ಷಕಿ ಎರಡು ಮಾತು ಹೇಳಿ ಎಂದಾಗ ನಾನು ಎದ್ದುನಿಂತು, ವ್ಯರ್ಥವೆಂಬುದೇ ಜಗತ್ತಿನಲ್ಲಿಲ್ಲ, ಇದಕ್ಕೆ ನಾನು ಹೊಸ ಬಟ್ಟೆಯ ಒಂದು ಎಳೆಯನ್ನೂ ಕೊಂಡಿಲ್ಲ ಎಂದು ಗಂಭೀರವಾಗಿ ಉಪನ್ಯಾಸ ಶುರುಮಾಡಿದೆ.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಶಾಂತಾಬಾಯಿ ಎದ್ದರು. ಅವರು ಸ್ಟೇಷನ್ ಮಾಸ್ತರರ ಹೆಂಡತಿ, ನಮ್ಮ ಮಂಡಳದ ಅಧ್ಯಕ್ಷೆ. ಕನ್ನಡಕ ಏರಿಸಿ ಕೌದಿಯ ಹತ್ತಿರ ಹೋಗಿ, ಕೇಸರಿ ಅಂಚಿನ ನೇರಳೆ ಚೌಕದ ಮೇಲೆ ಬೆರಳಿಟ್ಟರು.

"ಇದು ನಂದು" ಎಂದರು.

ಅವರ ಹಿಂದೆಯೇ ಗುರಮ್ಮ ಬಂದಳು. ಅವಳು ಕೋಡ್ಲಾದ ಒಕ್ಕಲು ಮನೆಯ ಮಗಳು, ಗ್ಯಾಂಗ್‌ಮನ್‌ನ ಹೆಂಡತಿ, ಮೆಲ್ಲಗೆ ಮಾತಾಡುವುದು ಅವಳಿಗೆ ಗೊತ್ತೇ ಇರಲಿಲ್ಲ. "ಅದರ ಬಾಜೂಕಿನ ಹಳದಿದು ನಂದು. ನಮ್ಮವ್ವ ಉಡಿ ತುಂಬಿದ ರವಿಕಿ ಖಣ ಅದು" ಎಂದಳು.

ಕುರ್ಚಿಗಳು ಒಂದೊಂದಾಗಿ ಸರಿದವು. ಹೆಂಗಸರೆಲ್ಲ ಕೌದಿಯ ಮುಂದೆ ಜಮಾಯಿಸಿ, ಕಳೆದುಹೋದ ಮಕ್ಕಳನ್ನು ಹುಡುಕುವವರಂತೆ ತಮ್ಮ ತಮ್ಮ ಚೂರು ಹುಡುಕತೊಡಗಿದರು. ಎಲ್ಲರಿಗೂ ಸಿಕ್ಕಿತು, ಸಿಗದೇ ಹೋದವರು ಒಬ್ಬರೂ ಇರಲಿಲ್ಲ.

ಶಾಂತಾಬಾಯಿ ನನ್ನ ಕಡೆ ತಿರುಗಿದರು. "ಪುಗ್ಗಾಕ್ಕ ಬಟ್ಟಿ ಸಾಲಿಲ್ಲ ಅಂದಿದ್ರಲ್ರಿ."

"ಸಾಲಿದ್ದಿಲ್ರಿ" ಎಂದೆ.

"ಇಷ್ಟೂ ಮಂದಿಗಿ ಸಾಲಿದ್ದಿಲ್ಲೇನ್ರಿ?"

ಶಿಕ್ಷಕಿ ಮಾತ್ರ ಏನೂ ತಿಳಿಯದೆ, ಮಂಡಳದ ಸದಸ್ಯೆಯರ ಕಲಾಸಕ್ತಿಯನ್ನು ಮನಸಾರೆ ಹೊಗಳಿ ಸಂಜೆಯ ರೈಲು ಹತ್ತಿದರು.

ಆಮೇಲಿನ ಎರಡು ತಿಂಗಳು ನನ್ನ ಯಂತ್ರದ ಮೇಲೂ ಸಿಮೆಂಟಿನ ಧೂಳು ಕೂತಿತು. ನಲ್ಲಿಯ ಹತ್ತಿರ ನಾನು ಕೊಡ ಇಟ್ಟರೆ ಮಾತು ನಿಲ್ಲುತ್ತಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದೆ. ಯಜಮಾನರು ಊಟಕ್ಕೆ ಕೂತಾಗ, "ಈಗ ಖರೇನೇ ಬಟ್ಟಿ ಸಾಲವಲ್ದು ನೋಡು" ಎಂದು ನಕ್ಕರು. ನಾನು ನಗಲು ಹೋಗಿ ಅತ್ತುಬಿಟ್ಟೆ. ನಾನು ಕಳೆದುಕೊಂಡದ್ದು ಹೊಲಿಗೆಯ ಕೆಲಸವನ್ನಲ್ಲ, ಅಳತೆ ಕೊಡುವ ನೆಪದಲ್ಲಿ ಬಂದು ಮನೆಮಾತೆಲ್ಲ ಆಡಿ ಹೋಗುತ್ತಿದ್ದ ಆ ಹೆಂಗಸರನ್ನು ಎಂಬುದು ಆಗ ಅರಿವಿಗೆ ಬಂತು.

ಮರುದಿನ ಖೈರುನ್ನೀಸಾ ಬಂದರು. ಮಡಚಿಟ್ಟಿದ್ದ ಕೌದಿಯನ್ನು ತಾವೇ ಬಿಚ್ಚಿ ಹಾಸಿ, ನಡುವಿನ ಹಸಿರು ಚೌಕ ತೋರಿಸಿದರು. "ಇದು ನೀವು ಹೊಲದ ನನ್ನ ಈದಿನ ಕಮೀಜಿಂದು."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ನಿಮಗ ಮೊದಲೇ ಗೊತ್ತಿತ್ತೇನ್ರಿ?"

"ಟ್ರಂಕ್ ತೆಗೆದ ದಿನಾನೇ ಗೊತ್ತಾಯ್ತು. ಅದಕ್ಕೇ ನಾನೇ ನಡುವ ಹಚ್ಚೀನಿ. ಹ್ಯಾಂಗೂ ಹೋಗ್ಯಾದ, ಛಲೋ ಜಾಗಾದಾಗ ಇರ್ಲಿ ಅಂತ."

"ಕೇಳಬೇಕಾಗಿತ್ತಲ್ರಿ."

"ಕೇಳಿದ್ರ ನೀವು ವಾಪಸ್ ಕೊಡ್ತಿದ್ರಿ. ಮತ್ತ ಶರಮ್ ಆಗಿ ನನ್ನ ಮನಿಗಿ ಬರ್ತಿದ್ದಿಲ್ಲ" ಎಂದು ಕೈಯಲ್ಲಿದ್ದ ಸೂಜಿಯನ್ನು ಕಮೀಜಿನ ತೋಳಿಗೆ ಸಿಕ್ಕಿಸಿಕೊಂಡರು. "ಈಗ ಏಳ್ರಿ. ಕೌದಿ ತಗೋರಿ, ಕತ್ತರಿ ತಗೋರಿ. ಯಾರ್ ಯಾರ್ದು ಅವ್ರವ್ರಿಗಿ ಬಿಚ್ಚಿ ಕೊಟ್ಟು ಬರ್ರಿ. ಹಸಿರುದು ಕಡೀಕ ಬಿಚ್ಚರಿ."

ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಶಾಂತಾಬಾಯಿಯವರ ಮನೆಗೆ ಹೋದೆ. ತಪ್ಪಾಯಿತು ಎಂದು ಹೇಳಿ, ಕತ್ತರಿ ಅವರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ನೇರಳೆ ಚೌಕದ ಹೊಲಿಗೆಯನ್ನು ಉಗುರಿನಿಂದ ಕೆದಕಿ ನೋಡಿದರು. "ಇದನ್ನ ಬಿಚ್ಚಿದ್ರ ಬಾಜೂಕಿನ ಗುರಮ್ಮಂದು ಹರೀತದ. ಮೊದಲ ಅಕೀನ್ನ ಕೇಳ್ರಿ" ಎಂದು ಕತ್ತರಿಯನ್ನು ಹಿಂದೆ ಸರಿಸಿದರು.

ಗುರಮ್ಮ ಖಣದ ಚೂರಿನ ಮೇಲೆ ಅಂಗೈಯಾಡಿಸಿದಳು. "ನಂದು ಕಿತ್ತಿದ್ರ ಕೆಳಗಿನ ಸಾಲೆಲ್ಲಾ ಸಡಲ ಆಗ್ತದಲ್ರಿ. ಅವ್ರಿಗಿ ಕೇಳೀರೇನು?"

ಅವರನ್ನು ಕೇಳಿದೆ. ಅವರು ಮುಂದಿನವರತ್ತ ಕೈ ತೋರಿಸಿದರು. ಹೀಗೆ ಮನೆ ಮನೆ ಹತ್ತಿಳಿದು ಸಾಲಿನ ಆ ತುದಿ ಮುಟ್ಟಿ ಮತ್ತೆ ಗುರಮ್ಮನ ಬಾಗಿಲಿಗೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು, ಒಂದು ಎಳೆಯೂ ಬಿಚ್ಚಿರಲಿಲ್ಲ. ಎಲ್ಲರಿಗೂ ತಮ್ಮ ಚೂರು ಬೇಕಿತ್ತು, ಆದರೆ ಪಕ್ಕದವಳ ಚೂರು ತನ್ನ ಕೈಯಿಂದ ಹರಿಯುವುದು ಯಾರಿಗೂ ಬೇಕಿರಲಿಲ್ಲ. ನಾನು ಬಾಗಿಲಲ್ಲೇ ಕುಸಿದು ಕೂತೆ. ಗುರಮ್ಮ ನೀರು ಕೊಟ್ಟು ಹೇಳಿದಳು:

"ಬಿಡ್ರಿ, ಇಲ್ಲೇ ಇಟ್ಟು ಹೋಗ್ರಿ. ಮಗಳು ಬಾಣಂತನಕ್ಕ ಬರ್ಲಿಕತ್ತಾಳ. ಕೂಸಿಗಿ ಹಾಸ್ಲಿಕ್ಕ ಆಗ್ತದ. ಆಮ್ಯಾಲ ಯಾರಿಗಿ ಬೇಕೋ ಅವ್ರಿಗಿ ಕೊಡ್ತೀನಿ."

ಕೌದಿ ಅಲ್ಲೇ ಉಳಿಯಿತು, ನನ್ನ ಮನೆಗೆ ಮತ್ತೆ ಬರಲಿಲ್ಲ. ಅಲ್ಲಿಂದ ಇನ್ನೊಂದು ಬಾಣಂತಿ ಕೋಣೆಗೆ, ಅಲ್ಲಿಂದ ಮತ್ತೊಂದಕ್ಕೆ ಹೋಯಿತೆಂದು ಕೇಳುತ್ತಿದ್ದೆ. ರವಿಕೆಗಳೂ ಮೆಲ್ಲಗೆ ನನ್ನ ಯಂತ್ರಕ್ಕೆ ಮರಳಿದವು. ಆದರೆ ಎರಡು ವರ್ಷ ಎಲ್ಲರೂ ಪುಗ್ಗಾ ತೋಳನ್ನೇ ಹೊಲಿಸಿದರು. ಫ್ಯಾಶನ್ನು ಹೋದ ಮೇಲೂ ಹೊಲಿಸಿದರು. ಹೊಲಿಯುವಾಗ ನನ್ನ ಎದುರು ಕುರ್ಚಿ ಹಾಕಿಕೊಂಡೇ ಕೂರುತ್ತಿದ್ದರು.

ಯಜಮಾನರಿಗೆ ವರ್ಗವಾಗಿ ನಾವು ವಾಡಿ ಬಿಟ್ಟು ಎಷ್ಟೋ ಕಾಲದ ಮೇಲೆ, ಖೈರುನ್ನೀಸಾ ಅವರ ಮಗಳ ಮದುವೆಗೆಂದು ಮತ್ತೆ ಅಲ್ಲಿಗೆ ಹೋದೆ. ಹಳೆಯ ಸಾಲಿನಲ್ಲಿ ನಡೆದು ಬರುವಾಗ ಒಂದು ಮನೆಯ ಹಗ್ಗದ ಮೇಲೆ ಕೌದಿ ಒಣಗುತ್ತಿತ್ತು. ನೇರಳೆ ಬೂದಿಯಾಗಿತ್ತು, ಹಸಿರು ಇನ್ನೂ ಹಸಿರಾಗಿತ್ತು. ಒಳಗಿನಿಂದ ಎಳೆಯ ತಾಯಿಯೊಬ್ಬಳು ಕೂಸನ್ನೆತ್ತಿಕೊಂಡು ಬಂದಳು. ನಾನು ನಿಂತು ನೋಡುವುದನ್ನು ಕಂಡು ತಾನೇ ಹೇಳಿದಳು:

"ನಮ್ಮದಲ್ರಿ ಅದು. ನಾಳಿ ಇನ್ನೊಬ್ರ ಮನಿಗಿ ಕೊಡಬೇಕು. ಮೊದಲ ಇಲ್ಲಿ ಯಾರೋ ಒಬ್ಬಾಕಿ ಇದ್ಳಂತ. ಎಲ್ಲಾರ ಬಟ್ಟಿ ಕದ್ದು ಹೊಲದಾಳಂತ್ರಿ."

"ಹೌದೇನು?" ಎಂದೆ.

"ಹೂಂ ರಿ. ಕಳ್ಳಿ ಇದ್ರೂ ಕೈ ಮಾತ್ರ ಭಾಳ ಛಂದ ಇತ್ತು ನೋಡ್ರಿ. ಇಷ್ಟು ವರ್ಷ ಆದ್ರೂ ಒಂದ್ ಹೊಲಿಗಿ ಬಿಚ್ಚಿಲ್ಲ."

ನಾನು ಹತ್ತಿರ ಹೋಗಿ ನೋಡಿದೆ. ಅವಳ ಮಾತು ಪೂರ್ತಿ ನಿಜವಾಗಿರಲಿಲ್ಲ. ಖಣದ ಚೂರಿನ ಒಂದು ಮೂಲೆ ಎರಡು ಬೆರಳಷ್ಟು ಎದ್ದಿತ್ತು.

"ಸೂಜಿ, ದಾರ ಇದ್ರ ತರ್ತೀಯೇನವ್ವ?" ಎಂದು ಕೇಳಿ, ಕೌದಿಯನ್ನು ಹಗ್ಗದಿಂದ ಇಳಿಸಿಕೊಂಡು ಅವಳ ಕಟ್ಟೆಯ ಮೇಲೆ ಕೂತೆ.