ಹೆಸರು ಬರುವವರೆಗೆ

ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಇನ್ನೊಂದು ಮನೆಗೆ ಆಕೆ ಉಡುಪಿಯಿಂದ ಸೊಸೆಯಾಗಿ ಬಂದವಳು. ಊರಿನ ಆಸ್ಪತ್ರೆಯಲ್ಲಿ ಆರು ವರ್ಷ ನರ್ಸ್ ಆಗಿದ್ದಳು. ಯಾರ ಕೈ ಹಿಡಿದರೂ ಅವಳ ಎರಡು ಬೆರಳು ತಾವಾಗಿ ನಾಡಿಯ ಮೇಲೆ ಹೋಗಿ ಕೂರುತ್ತಿದ್ದವು. ಆದರೆ ಮುಂಬಯಿಯಲ್ಲಿ ಕೆಲಸವಿರಲಿಲ್ಲ. ಕರ್ನಾಟಕದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿದ್ದ ಹೆಸರು ಮಹಾರಾಷ್ಟ್ರದ ಕೌನ್ಸಿಲಿಗೆ ಬಂದ ಮೇಲೆಯೇ ಸೇರಿಸಿಕೊಳ್ಳುತ್ತೇವೆ ಎಂದು ಇಲ್ಲಿಯ ಆಸ್ಪತ್ರೆಯವರು ಹೇಳಿದ್ದರು. ಏನು ಕೇಳಿದರೂ "ಹೆಸರು ಬರಲಿ ಅಕ್ಕ" ಎನ್ನುತ್ತಿದ್ದಳು.

ಆ ಮಳೆಗಾಲ ಡಾಕ್ಟರು ನನ್ನ ಅತ್ತೆಗೆ ದಿನ ಬಿಟ್ಟು ದಿನ ಹತ್ತು ಇಂಜೆಕ್ಷನ್ ಬರೆದುಕೊಟ್ಟರು. ಅತ್ತೆ ಅವಳನ್ನೇ ಕರೆದರು. ಅವಳು ಒಪ್ಪಲಿಲ್ಲ.

"ಆರು ವರ್ಷ ಚುಚ್ಚಿದವಳಿಗೆ ಈಗ ಕೈ ನಡುಗ್ತದಾ ಮಾರಾಯ್ತಿ?" ಎಂದರು ಅತ್ತೆ.

"ಕೈ ನಡುಗುದಿಲ್ಲ ಅಮ್ಮ. ಅಲ್ಲಿ ನಾನು ನರ್ಸ್, ಇಲ್ಲಿ ಇನ್ನೂ ಬರೀ ಸೊಸೆ."

ಹಾಗೆಂದು ನಕ್ಕು, ಕೊಡೆ ಹಿಡಿದು, ಅತ್ತೆಯನ್ನು ಮೂರು ಮಹಡಿ ಇಳಿಸಿ ದವಾಖಾನೆಗೆ ಕರೆದೊಯ್ದಳು. ಹತ್ತು ಸಲವೂ ಅವಳೇ. ಅಲ್ಲಿಯ ನರ್ಸ್ ಸೂಜಿ ಎತ್ತಿದಾಗ ಮಾತ್ರ ಅವಳ ಬೆರಳುಗಳು ದುಪಟ್ಟಾದ ಅಂಚನ್ನು ಮಡಿಸಿ ಬಿಚ್ಚುತ್ತಿದ್ದವು.

ದೀಪಾವಳಿ ಕಳೆದ ಮೇಲೆ ಹೆಸರು ಬಂತು. ಮೊದಲ ದಿನದ ಡ್ಯೂಟಿಗೆ ಹೊರಟವಳು ಬಿಳಿ ಸಮವಸ್ತ್ರದಲ್ಲಿ ನಮ್ಮ ಬಾಗಿಲಿಗೆ ಬಂದು ಅತ್ತೆಯ ಕಾಲು ಮುಟ್ಟಿದಳು. ಅತ್ತೆ ರವಕೆಯ ತೋಳನ್ನು ಮೇಲೆ ಸರಿಸಿದರು.

"ಖಾಲಿ ಸೂಜಿಯಾದ್ರೂ ಒಂದು ಚುಚ್ಚಿ ಹೋಗು."

"ಡಾಕ್ಟ್ರ ಚೀಟಿ ಉಂಟಾ ಅಮ್ಮ?" ಎಂದಳು ಆಕೆ. ಅತ್ತೆ ನಕ್ಕು ಮುಗಿಸುವಷ್ಟರಲ್ಲಿ ಕೆಳಗಿನ ಮಹಡಿ ತಲುಪಿದ್ದಳು.