ಮೀಸೆ ಇದ್ದ ಮೂರನೆಯ ಕಲ್ಲು

ಹೆಬ್ಬಳ್ಳಿಯ ದಾರಿಯಲ್ಲಿ ಆ ದಿನ ಕಲ್ಲು ಮೂರೇ ಇದ್ದವು. ದಸ್ತಗೀರಸಾಬ ಹೇಳಿದ್ದು ಖರೆ. ಆ ಕಲ್ಲುಗಳನ್ನು ಸರಿಸಿದವನು ನಾನು — ಒಂದು ಸಲ ಅಲ್ಲ, ಎರಡು ಸಲ. ಎರಡನೆಯ ಸಲ ಸರಿಸಿ ಬಂದು, ಎಲ್ಲರ ಎದುರಿಗೆ, "ನಾ ಇಟ್ಟ ಕಲ್ಲು ಇಟ್ಟಲ್ಲೇ ಅದಾವ್ರಿ" ಎಂದು ಸುಳ್ಳು ಹೇಳಿದವನೂ ನಾನೇ.

ಇದನ್ನು ಬರೆದು ಅಚ್ಚಿಗೆ ಕೊಡುತ್ತಿದ್ದೇನೆ. ಯಾಕೆಂದರೆ ಬಾಯಿಂದ ಹೇಳಿದರೆ ಹುಬ್ಬಳ್ಳಿ-ಧಾರವಾಡದಲ್ಲಿ ನನ್ನನ್ನು ಯಾರೂ ನಂಬುವುದಿಲ್ಲ. ಫಕೀರಪ್ಪ ಬಾಯಿ ತೆರೆದನೆಂದರೆ ಜನ ಮೊದಲೇ ನಗಲು ತಯಾರಾಗುತ್ತಾರೆ. ಅದು ನಾನೇ ಗಳಿಸಿಕೊಂಡ ಹೆಸರು, ಯಾರೂ ಪುಕ್ಕಟೆ ಕೊಟ್ಟಿದ್ದಲ್ಲ. ಉಣಕಲ್ ಕೆರೆಯಲ್ಲಿ ಮೊಸಳೆ ಬಂದಿದೆ ಎಂದು ಕೂಗಿ, ನೀರಿಗಿಳಿದವರನ್ನೆಲ್ಲ ಒದ್ದೆ ಬಟ್ಟೆಯಲ್ಲೇ ಓಡಿಸಿದವನು ನಾನು. ಬೀಗರಿಗೆ ಹತ್ತಿ ತುಂಬಿದ ಹೋಳಿಗೆ ಬಡಿಸಿ, ಅವರು ಅಗಿಯುವುದನ್ನು ಕಂಬದ ಮರೆಯಿಂದ ನೋಡಿದವನೂ ನಾನು. ಈ ವಯಸ್ಸಿನಲ್ಲೂ ಆ ಕಥೆ ಹೇಳುವಾಗ ಕೈ ತಾನೇ ಮೀಸೆಗೆ ಹೋಗುತ್ತದೆ. ಆದರೆ ಒಂದು ಚೇಷ್ಟೆ ಮಾತ್ರ...

ಮೊದಲು ನನ್ನ ಕಸುಬು ಹೇಳಬೇಕು. ಇಲ್ಲವಾದರೆ ನಿಮಗೆ ಕಲ್ಲಿನ ಲೆಕ್ಕ ತಿಳಿಯುವುದಿಲ್ಲ.

ನಾನು ದಾರಿ ನೋಡುವವನು. ಲಾರಿಯಲ್ಲಿ ಹಿಡಿಸದ ಭಾರಿ ಸಾಮಾನು — ಗಿರಣಿಯ ಯಂತ್ರ, ಉದ್ದನೆಯ ತೊಲೆ, ದೊಡ್ಡ ಟಾಕಿ — ಅಗಲವಾದ ಟ್ರೇಲರಿನ ಮೇಲೆ ಹೊರಟಾಗ, ಒಂದು ದಿನ ಮುಂಚೆ ಸೈಕಲ್ ತುಳಿದುಕೊಂಡು ನಾನು ಹೋಗುತ್ತಿದ್ದೆ. ಸಾಮಾನಿನ ಎತ್ತರಕ್ಕೆ ಕಡಿದ ಬಿದಿರು ಗಳ, ಅಗಲಕ್ಕೆ ಗಂಟು ಹಾಕಿದ ಹಗ್ಗ, ಇಷ್ಟೇ ನನ್ನ ಹತಿಯಾರು. ಗಳ ತಾಗಿದ ಟೊಂಗೆಯನ್ನು ಕಡಿಸಬೇಕು. ಹಗ್ಗ ಹಿಡಿಸದ ಸೇತುವೆಯನ್ನು ಬಿಡಬೇಕು. ಇದನ್ನು ಯಾರಾದರೂ ಮಾಡಿಯಾರು. ಆದರೆ ನಮ್ಮ ಎರೆಭೂಮಿಯ ಹಳ್ಳಿಗಳಲ್ಲಿ ಇನ್ನೊಂದು ಕೆಲಸವಿತ್ತು, ಅದು ಹೊರಗಿನಿಂದ ಬಂದವರಿಗೆ ತಿಳಿಯುತ್ತಿರಲಿಲ್ಲ. ನೆಲದೊಳಗಿನ ಹಗೇವು. ಜೋಳ ಕೂಡಿಡಲು ತೋಡಿದ ಕುಣಿ — ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ಆಳು ಇಳಿದು ನಿಲ್ಲುವಷ್ಟು. ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣೆಳೆದರೆ ಮೇಲೆ ಏನೂ ಕಾಣದು. ಎತ್ತಿನ ಬಂಡಿಗಳು ಅಜ್ಜನ ಕಾಲದಿಂದ ಮೊಮ್ಮಗನ ಕಾಲದವರೆಗೂ ಅದರ ಮೇಲೆಯೇ ಓಡಾಡುತ್ತವೆ. ಭಾರಿ ಟ್ರೇಲರು ಹತ್ತಿದರೆ ಹಾಸುಗಲ್ಲು ಮುರಿದು ಕುಸಿಯುತ್ತದೆ. ಅದಕ್ಕೇ ಪ್ರತಿ ಊರಿನ ಅತಿ ಹಿರಿಯರನ್ನು ಹುಡುಕಿ ಕೇಳುವುದು ನನ್ನ ರೂಢಿ: "ಅಜ್ಜಾ, ಈ ದಾರಿ ಕೆಳಗ ಹಳೇ ಹಗೇವು ಎಲ್ಲೆ ಅದಾವು?"

ಹೋಗಬಾರದ ದಾರಿಯ ಬಾಯಿಗೆ ಸುಣ್ಣ ಬಳಿದ ಮೂರು ಕಲ್ಲು ಇಡುತ್ತಿದ್ದೆ, ತೆಂಗಿನಕಾಯಿ ಗಾತ್ರದವು. ಬೇರೆ ಯಾರ ಕಲ್ಲಿನೊಂದಿಗೂ ಕಲೆಯದಿರಲೆಂದು ಪ್ರತಿಯೊಂದರ ಮೇಲೂ ಉಳಿಯಿಂದ ಒಂದು ಮೀಸೆ ಕೊರೆದಿದ್ದೆ. ನನ್ನದೇ ಮೀಸೆ. ಸಾಮಾನು ದಾಟಿದ ಮೇಲೆ ಮುಂದಿನ ಸಾಗಾಟಕ್ಕೆ ಅವುಗಳನ್ನೇ ಆಯ್ದುಕೊಂಡು ಹೋಗುವುದು. ಫಕೀರಪ್ಪನ ಮೀಸೆಗಲ್ಲು ಕಂಡಲ್ಲಿ ಚಾಲಕ ಆ ಕಡೆ ತಿರುಗುತ್ತಿರಲಿಲ್ಲ. ಅಷ್ಟು ಭರವಸೆ — ಆ ಭರವಸೆಯನ್ನೇ ನಾನು...

ಇರಲಿ. ದಸ್ತಗೀರಸಾಬನ ಮಾತಿಗೆ ಬರುತ್ತೇನೆ.

ಅವನು ನಮ್ಮ ಸಾಹುಕಾರರ ಟ್ರೇಲರಿನ ಚಾಲಕ. ದಾರಿ ನೋಡುವುದರಲ್ಲಿ ಜಿಲ್ಲೆಯಲ್ಲಿ ನನಗೆ ಸರಿಸಾಟಿ ಇರಲಿಲ್ಲ, ಸ್ಟೇರಿಂಗು ಹಿಡಿಯುವುದರಲ್ಲಿ ಅವನಿಗೆ. ಉದ್ದನೆಯ ಟ್ರೇಲರನ್ನು ಅವನು ಹಿಂದಕ್ಕೆ ತರುವುದನ್ನು ನೋಡಲು ಗೂಡ್ಸ್ ಶೆಡ್ಡಿನ ಹಮಾಲರು ಚೀಲ ಇಳಿಸಿ ನಿಲ್ಲುತ್ತಿದ್ದರು. ನನಗಿಂತ ನಾಲ್ಕು ವರ್ಷ ದೊಡ್ಡವನು. ನಾನು ಅವನಿಗೆ 'ಅಣ್ಣಾ' ಅನ್ನುತ್ತಿದ್ದೆ, ಅವನು ನನಗೆ 'ಫಕ್ಕೀರ್ಯಾ'. ಒಬ್ಬರನ್ನೊಬ್ಬರು ಹುಚ್ಚು ಮಾಡುವುದೇ ನಮ್ಮ ಗೆಳೆತನ.

ಅರವತ್ತರ ದಶಕದ ಮೊದಲ ವರ್ಷಗಳವು. ಧಾರವಾಡದ ಒಂದು ಗಿರಣಿಗೆ ರೈಲಿನಲ್ಲಿ ಬಾಯ್ಲರು ಬಂತು. ಅದನ್ನು ಇಳಿಸುವಂಥ ಕ್ರೇನು ಹುಬ್ಬಳ್ಳಿಯಲ್ಲಿ ಮಾತ್ರ ಇದ್ದುದರಿಂದ ಇಲ್ಲಿಯೇ ಇಳಿಸಿದರು. ಮುಂದೆ ರಸ್ತೆಯಲ್ಲೇ ಒಯ್ಯಬೇಕು. ಆದರೆ ಹುಬ್ಬಳ್ಳಿ-ಧಾರವಾಡ ರಸ್ತೆಯನ್ನು ಆಗ ಅಗಲ ಮಾಡುತ್ತಿದ್ದರು. ಉಣಕಲ್ ಹತ್ತಿರ ಅರ್ಧ ರಸ್ತೆ ಅಗೆದಿತ್ತು, ರಾಯಾಪುರದ ಬಳಿ ಮೋರಿ ಒಡೆದಿತ್ತು. ಹಗಲು ಉಳಿದರ್ಧದಲ್ಲಿ ಬಸ್ಸು, ಟಾಂಗಾ ಸಾಗುತ್ತಿದ್ದವು, ನಮ್ಮ ಬಾಯ್ಲರಿಗೆ ಅಗಲ ಸಾಲದು. ಹೊತ್ತು ಮುಳುಗಿದರೆ ಪೂರ್ತಿ ರಸ್ತೆಯೇ ಬಂದ್. ಡ್ರಮ್ಮುಗಳ ಮೇಲೆ ಕೆಂಪು ಕಂದೀಲು ಇಟ್ಟು ಬೆಳತನಕ ಕೆಲಸ. ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಸಾಹುಕಾರರು ನನ್ನನ್ನು ಕರೆದು, "ಫಕೀರಪ್ಪ, ಬ್ಯಾರೆ ದಾರಿ ಹುಡುಕು" ಅಂದರು. ನಾನು ಕುಸುಗಲ್ಲಿನ ಕಡೆಯಿಂದ ಸುತ್ತಿ, ಬ್ಯಾಹಟ್ಟಿ, ಹೆಬ್ಬಳ್ಳಿ ಮೇಲೆ ಧಾರವಾಡ ಮುಟ್ಟುವ ಬಂಡಿದಾರಿ ಹುಡುಕಿ ಕೊಟ್ಟೆ. ಬೇಸಿಗೆಯ ಬಾಯಿ, ಎರೆ ಒಣಗಿ ಕಲ್ಲಾಗಿತ್ತು. ಈಗಲೂ ಹೇಳುತ್ತೇನೆ, ಒಳ್ಳೆಯ ದಾರಿ ಅದು. ನಾನು ಗುರುತು ಮಾಡಿದಂತೆ ಹೋಗಿದ್ದರೆ ಬಾಯ್ಲರು ಕುಲುಕದೆ ಧಾರವಾಡ ಸೇರುತ್ತಿತ್ತು.

ಬ್ಯಾಹಟ್ಟಿಯಲ್ಲಿ ಮಧ್ಯಾಹ್ನ ನಿಂತೆವು, ಟ್ರೇಲರಿಗೆ ಆ ರಾತ್ರಿ ಅಲ್ಲೇ ವಸ್ತಿ. ನಾನು ಚಾವಡಿಯಲ್ಲಿ ಒಂದು ಹೊರಸಿನ ಮೇಲೆ ಮಲಗಿ ನಿದ್ದೆ ಹೋದೆ. ದಸ್ತಗೀರ ಸುಮ್ಮನೆ ಬಂದು ನನ್ನ ಧೋತರದ ಚುಂಗನ್ನು ಹೊರಸಿನ ಕಾಲಿಗೆ ಕಟ್ಟಿದ. ಊರ ಗೌಡರು ಮಜ್ಜಿಗೆ ತಂದರೆಂದು ನಾನು ಗಡಿಬಿಡಿಯಿಂದ ಎದ್ದೆ. ಹೊರಸೂ ನನ್ನ ಹಿಂದೆಯೇ ಎದ್ದು ಬಂತು.

"ಏನ್ ಫಕೀರಪ್ಪಾ, ಹಾಸಿಗಿ ಸುದ್ದಾ ನಮಸ್ಕಾರ ಮಾಡಾಕ ಬಂದೈತಲ್ಲೋ!" ಅಂದರು ಗೌಡರು. ಇಡೀ ಬ್ಯಾಹಟ್ಟಿ ನಕ್ಕಿತು.

"ನಾಳಿ ನಿನ್ನ ಸರದಿ ಅಣ್ಣಾ," ಅಂದೆ.

"ಬಾರೋ, ನೋಡೂನು," ಅಂದ ಅವನು.

ಹೆಬ್ಬಳ್ಳಿಯ ಹೊರಗೆ ದಾರಿ ಎರಡಾಗುತ್ತದೆ. ಬಲಗಡೆಯದು ಹೊಲಗಳ ಬದುವನ್ನು ಸುತ್ತಿ ಹೋಗುವ ಸರಿಯಾದ ದಾರಿ. ಎಡಗಡೆಯದು ಹಾಳುಬಿದ್ದ ಒಂದು ಕಣಕ್ಕೆ ಹೋಗಿ ಅಲ್ಲೇ ಮುಗಿಯುತ್ತದೆ. ಮುಂದೆ ದಾರಿಯಿಲ್ಲ. ಎಡದ ಬಾಯಿಗೆ ನಾನು ಹಿಂದಿನ ಸಂಜೆಯೇ ಬ್ಯಾಹಟ್ಟಿಯಿಂದ ಬಂದು ಮೂರು ಕಲ್ಲು ಇಟ್ಟು ಹೋಗಿದ್ದೆ. ಬೆಳಿಗ್ಗೆ ಟ್ರೇಲರಿಗಿಂತ ಮುಂದೆ ಸೈಕಲ್ಲಿನಲ್ಲಿ ಬಂದವನಿಗೆ ಬುದ್ಧಿ ಓಡಿತು. ಪಕ್ಕದ ಹೊಲದಲ್ಲಿ ಹೆಣ್ಣುಮಕ್ಕಳು ಕುಸುಬಿ ಕೀಳುತ್ತಿದ್ದರು. ದಸ್ತಗೀರ ಈ ಕಣದೊಳಗೆ ಸಿಕ್ಕಿಬಿದ್ದು, ಅಷ್ಟು ಜನರ ಮುಂದೆ ಬೆವರು ಸುರಿಸುತ್ತ ಬಾಯ್ಲರನ್ನು ಹಿಂದಕ್ಕೆ ತರಬೇಕು — ಎಷ್ಟು ಮಜಾ! ಮೂರೂ ಕಲ್ಲನ್ನು ಎತ್ತಿ ಬಲಗಡೆಯ ದಾರಿಯ ಬಾಯಿಗೆ ಇಟ್ಟೆ. ಜಾಲಿಯ ಮರೆಯಲ್ಲಿ ಕೂತೆ.

ಎಡಗಡೆಯ ದಾರಿಯ ಕೆಳಗೆ ಹಗೇವು ಇದೆಯೇ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಮುಚ್ಚಿದ ದಾರಿಯ ಬಗ್ಗೆ ಕೇಳುವುದೇನು ಎಂದು ಬಿಟ್ಟಿದ್ದೆ. ಅದೇ ದಾರಿಯನ್ನು ಚೇಷ್ಟೆಗಾಗಿ ತೆರೆಯುವಾಗ, ಕೇಳಿಲ್ಲ ಎಂಬುದು ನೆನಪಾಯಿತೇ? ಆಗಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಖರೆ ಹೇಳಬೇಕೆಂದರೆ — ಒಂದು ಕ್ಷಣ ಆಯಿತು. ನಗು ಅದಕ್ಕಿಂತ ಮುಂದೆ ಇತ್ತು.

ದಸ್ತಗೀರ ಕವಲಿನಲ್ಲಿ ಗಾಡಿ ನಿಲ್ಲಿಸಿದ. ಯಾವಾಗಲೂ ಹಾಗೆಯೇ, ಇಳಿದು ನೋಡದೆ ತಿರುಗಿಸುವವನಲ್ಲ. ಕಲ್ಲುಗಳ ಬಳಿ ಬಂದು ಬೆರಳು ತೋರಿಸಿ ಎಣಿಸಿದ. "ಮೂರೂ ಬಲಕ್ಕ ಅದಾವು. ನಡೀ ಎಡಕ್ಕ," ಎಂದು ತನಗೆ ತಾನೇ ಹೇಳಿಕೊಂಡು ಹತ್ತಿದ. ಗಾಲಿಗೆ ಕಟ್ಟಿಗೆ ಒಡ್ಡುವ ಇಬ್ಬರು ಆಳುಗಳು ಟ್ರೇಲರಿನ ಹಿಂದೆ ಇದ್ದರು, ಕಲ್ಲು ಅವರ ಕಣ್ಣಿಗೆ ಬೀಳಲಿಲ್ಲ. ನೋಡಿದ್ದು ಅವನು ಮತ್ತು ನಾನು.

ಕಣದ ನಡುವೆ ಹಿಂದಿನ ಗಾಲಿಗಳು ಇಳಿದವು. ದೊಡ್ಡ ಸದ್ದೇನೂ ಆಗಲಿಲ್ಲ — ನೆಲ ನಿಟ್ಟುಸಿರು ಬಿಟ್ಟಂತೆ, ಅಷ್ಟೇ. ಕೆಳಗಿನಿಂದ ಹಳೆಯ ಮುಗ್ಗಲು ಜೋಳದ ವಾಸನೆ ಮೇಲೆ ಬಂತು. ಆಮೇಲೆ ಬಾಯ್ಲರನ್ನು ಬಿಗಿದಿದ್ದ ಸರಪಳಿ ಹರಿಯಿತು. ಬಾಯ್ಲರು ಮೆಲ್ಲಗೆ ವಾಲಿ, ಉರುಳಿ, ಬದುವನ್ನು ಮುರಿದುಕೊಂಡು ಕುಸುಬಿ ಹೊಲದಲ್ಲಿ ಬಿತ್ತು. ಸ್ವಲ್ಪ ಹೊತ್ತಿನ ಮುಂಚೆ ಹೆಣ್ಣುಮಕ್ಕಳು ಬುತ್ತಿ ಬಿಚ್ಚಿಕೊಂಡು ಕೂತಿದ್ದ ಜಾಗ ಅದು. ಅವರು ಎದ್ದು ಆಚೆ ಬದುವಿಗೆ ಹೋಗಿದ್ದರು. ಹೋಗಿರದಿದ್ದರೆ — ಆ ಮಾತನ್ನು ನಾನು ಇವತ್ತಿಗೂ ಪೂರ್ತಿ ಮಾಡಲಾರೆ.

ಎಲ್ಲರೂ ಬಾಯ್ಲರಿನ ಕಡೆ ಓಡಿದರು. ನಾನು ಕವಲಿನ ಕಡೆ ಓಡಿದೆ.

ಎರಡು ಕಲ್ಲನ್ನು ಎತ್ತಿ ಎಡದ ಬಾಯಿಗೆ ಇಟ್ಟೆ. ಮೂರನೆಯದು ಕೈಯಲ್ಲಿರುವಾಗ ಧಾರವಾಡದ ಕಡೆಯಿಂದ ಸಾಹುಕಾರರ ಜೀಪು ತಿರುವಿನಲ್ಲಿ ಕಂಡಿತು. ಅದನ್ನು ಬುತ್ತಿಯ ಚೀಲದಲ್ಲಿ, ರೊಟ್ಟಿಯ ಮೇಲೆ ತುರುಕಿದೆ. ಮೊದಲ ಸಲ ಸರಿಸಿದ್ದನ್ನು ಬೇಕಾದರೆ ಚೇಷ್ಟೆ ಅನ್ನಿ. ಇದಕ್ಕೆ ಆ ಹೆಸರಿಲ್ಲ.

"ಗುರ್ತು ಹಾಕಿದ್ದಿಲ್ಲೇನೋ ಫಕೀರಪ್ಪ?" ಎಂದರು ಸಾಹುಕಾರರು.

"ನಾ ಇಟ್ಟ ಕಲ್ಲು ಇಟ್ಟಲ್ಲೇ ಅದಾವ್ರಿ. ಈ ಸಲ ಎರಡ ಇಟ್ಟಿದ್ದೆ, ನೋಡ ಬರ್ರಿ."

ದಸ್ತಗೀರ ಧೂಳು ಮೆತ್ತಿದ ಮುಖದಲ್ಲಿ ಬಂದ. "ಸಾಹೇಬ್ರ, ನಾ ಇಳದು ಎಣಿಸೇನ್ರಿ. ಮೂರು ಕಲ್ಲು. ಬಲಕ್ಕ ಇದ್ದೂರಿ."

"ಎರಡ ಅದಾವಲ್ಲೋ ದಸ್ತಗೀರ. ಅವೂ ಎಡಕ್ಕ ಅದಾವು."

ಅವನು ಬಗ್ಗಿ ನೋಡಿದ. ಕಣ್ಣು ತಿಕ್ಕಿಕೊಂಡ. ಬಲಗಡೆ ಹೋಗಿ ಬರಿಯ ನೆಲವನ್ನು ನೋಡಿದ. ಮತ್ತೆ ಬಂದು ಕಲ್ಲು ಮುಟ್ಟಿದ. ಸಾಹುಕಾರರು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. "ಕಣ್ಣು ತೋರಿಸ್ಕೋಪಾ," ಎಂದು ಮೆತ್ತಗೆ ಅಂದರು.

ಅವತ್ತೇ ಹೊತ್ತು ಇಳಿಯುವಾಗ ಅವನು ನನ್ನ ಪಕ್ಕ ಬಂದು ಕೂತ. "ಫಕ್ಕೀರ್ಯಾ, ನಿಂದೇನಾರ ಚೇಷ್ಟಿ ಇದ್ರ ಹೇಳಿಬಿಡೋ. ಅಲ್ಲಾನ ಆಣಿ, ಸಾಹೇಬರ ಮುಂದ ಬಾಯಿ ಬಿಡಂಗಿಲ್ಲ. ನನಗಷ್ಟ ಗೊತ್ತಾದ್ರ ಸಾಕು."

ಬಾಗಿಲು ತೆರೆದಿಟ್ಟು ಕರೆದ, ನೋಡಿ. ಬುತ್ತಿಚೀಲ ನನ್ನ ತೊಡೆಯ ಪಕ್ಕದಲ್ಲೇ ಇತ್ತು. ನಾನು ಅಂದೆ: "ಬಾಯ್ಲರ್ ದೊಡ್ಡದೈತಿ, ಅದಕ್ಕ ನಿನಗ ಕಂಡೈತಿ. ಕಲ್ಲು ಸಣ್ಣವು, ಪಾಪ, ಅವು ಏನ್ ಮಾಡ್ಬೇಕು?"

ಅವನು ನಕ್ಕ. ನನ್ನ ಮಾತಿಗೆ ನಗುವುದು ಅವನಿಗೆ ರೂಢಿಯಾಗಿತ್ತು.

ಕಣ್ಣಿನ ಡಾಕ್ಟರು ಏನೂ ಇಲ್ಲ ಎಂದರಂತೆ. "ಕಣ್ಣಾಗ ಇಲ್ಲಂದ್ರ ತಲಿಯಾಗ ಐತಿ," ಎಂದ ದಸ್ತಗೀರ. ಸಾಹುಕಾರರು ಬಿಡಿಸುವ ಮೊದಲೇ ತಾನಾಗಿ ಸ್ಟೇರಿಂಗು ಬಿಟ್ಟ. ಬಾಯ್ಲರನ್ನು ಬೇರೆಯವನು ಒಯ್ದ. ದಸ್ತಗೀರ ರಾಯಾಪುರದಲ್ಲಿ ತಮ್ಮನ ಪಂಕ್ಚರ್ ಅಂಗಡಿಯಲ್ಲಿ ಕೂತ. ಎಂಥ ಚಾಲಕ! ಅಗಲವಾದ ಆ ರಸ್ತೆಯಲ್ಲಿ ದೊಡ್ಡ ಲಾರಿಗಳು ಹೋಗುವಾಗ ತಲೆ ಎತ್ತುತ್ತಿರಲಿಲ್ಲ. ರಸ್ತೆ ದಾಟುವಾಗ ಪಕ್ಕದವರನ್ನು ಕೇಳುತ್ತಿದ್ದ: "ಗಾಡಿ ಇಲ್ಲಲ್ಲಾ?" ಕಣ್ಣೆದುರು ರಸ್ತೆ ಖಾಲಿ ಇದ್ದರೂ.

ಒಮ್ಮೆ ಹೇಳಿದ್ದೇನೆ. ಅದನ್ನೂ ಬರೆಯಬೇಕು, ಯಾಕೆಂದರೆ ಅದೂ ತಪ್ಪೇ. ಅವನ ಮಗಳ ಮದುವೆಯ ಊಟದಲ್ಲಿ ತಡೆಯಲಾರದೆ ಎದ್ದು ನಿಂತು, "ಆ ಕಲ್ಲು ಸರಿಸಿದಾಂವ ನಾನ!" ಅಂದುಬಿಟ್ಟೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. "ಕಾಕಾ, ಇದು ಹೊಸಾದು ತಗದ್ರಿ!" ದಸ್ತಗೀರ ನಗಲಿಲ್ಲ. ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. "ನನ್ನ ಮನಸು ಹಗುರ ಮಾಡಾಕ ಸುಳ್ಳು ಹೇಳಾಕತ್ತಿಯಲ್ಲೋ. ನಿನ್ನಂಥ ದೋಸ್ತ ಯಾರಿಗೆ ಸಿಗ್ತಾನ?" ಅಂದ. ಅವನ ಕಣ್ಣಲ್ಲಿ ನೀರಿತ್ತು. ಮೂರನೆಯ ಕಲ್ಲು ನನ್ನ ಮನೆಯ ಬಾಗಿಲ ಹಿಂದೆ ಇತ್ತು, ಹೋಗಿ ತರಬಹುದಿತ್ತು. ನಾನು ಅವನ ಕೈಯನ್ನು ಒತ್ತಿ, ಮತ್ತೆ ಊಟಕ್ಕೆ ಕೂತೆ. ಮಾಡಿದ ದ್ರೋಹಕ್ಕೆ ಉಪಕಾರದ ಹೆಸರು ಪಡೆದುಕೊಂಡು ಉಂಡೆ.

ಈಗ ಅವನ ಮೊಮ್ಮಗ ಇಮಾಮನಿಗೆ ಬಸ್ಸು ಓಡಿಸುವ ನೌಕರಿ ಸಿಕ್ಕಿದೆ. ಮುದುಕ ಹೋಗಗೊಡುತ್ತಿಲ್ಲ. "ನಮ್ಮ ಮನಿತನದ ಕಣ್ಣು ಮೋಸ ಮಾಡ್ತಾವ. ನಿನ್ನ ಬೆನ್ನ ಹಿಂದ ಐವತ್ತ ಮಂದಿ ಕುಂತಿರ್ತಾರ," ಎಂದು ಹಟ ಹಿಡಿದಿದ್ದಾನೆ. ಇಮಾಮ ಬಂದು ನನ್ನ ಮುಂದೆಯೇ ಗೋಳಾಡಿದ: "ಅಜ್ಜಾ, ನಿಮ್ಮ ಮಾತು ಕೇಳ್ತಾರ, ನೀವರ ಹೇಳ್ರಿ." ನನ್ನ ಮಾತು ಕೇಳಿಯೇ ದಸ್ತಗೀರ ಹಾಗಾದದ್ದು ಎಂದು ಆ ಹುಡುಗನಿಗೆ ಏನು ಗೊತ್ತು?

ಹೇಳುತ್ತೇನೆ. ಈ ಸಲ ನಿಂತು ಕೂಗುವುದಿಲ್ಲ, ಮೀಸೆಗೆ ಕೈ ಹಾಕುವುದಿಲ್ಲ. ಇದು ಅಚ್ಚಾದ ದಿನ ರಾಯಾಪುರಕ್ಕೆ ಹೋಗುತ್ತೇನೆ. ಇಮಾಮ ಓದಲಿ, ಅಂಗಡಿಯ ಮುಂದೆ, ಎಲ್ಲರೂ ಕೇಳುವಂತೆ. ಜನ ನಗುತ್ತಾರೆ, ಗೊತ್ತಿದೆ. ಅವರ ನಗು ಮುಗಿಯುವ ತನಕ ಕೂತಿರುತ್ತೇನೆ. ಆಮೇಲೆ ಚೀಲದಿಂದ ಕಲ್ಲು ತೆಗೆದು ದಸ್ತಗೀರನ ಕೈಯಲ್ಲಿ ಇಡುತ್ತೇನೆ. ಸುಣ್ಣ ಹೋಗಿದೆ. ಮೀಸೆ ಹೋಗಿಲ್ಲ.

ಈಗ ಅವನಿಗೆ ಪೊರೆ ಬಂದು ದೃಷ್ಟಿ ಖರೇನೇ ಮಂದವಾಗಿದೆ. ಪರವಾಗಿಲ್ಲ, ಇದನ್ನು ನೋಡಲು ಕಣ್ಣು ಬೇಡ. ಬೆರಳು ಆಡಿಸಿದರೆ ಸಾಕು, ಯಾರ ಕಲ್ಲೆಂದು ಅವನಿಗೆ ತಿಳಿಯುತ್ತದೆ. ಎಷ್ಟನೆಯದೆಂದೂ ತಿಳಿಯುತ್ತದೆ. ಆಮೇಲೆ ಅವನು ನನ್ನನ್ನು ಏನು ಮಾಡುತ್ತಾನೋ, ಆ ಕಲ್ಲನ್ನು ಏನು ಮಾಡುತ್ತಾನೋ — ಅವನ ಕೈಗೆ ಬಿಟ್ಟಿದ್ದು. ನಾನು ಸರಿಯದೆ ಅಲ್ಲೇ ಕೂತಿರುತ್ತೇನೆ.